ಎತ್ತದೆ ಉಳಿದ ಕಾಯಿ

ಹೊನ್ನೆಣ್ಣೆಯ ದೀಪ ಉರಿಯುವಾಗ ಒಂದು ಭಾರವಾದ ವಾಸನೆ ಬರುತ್ತದೆ. ಸುಟ್ಟ ಬೀಜದ ವಾಸನೆ, ಅದರೊಳಗೆ ಸ್ವಲ್ಪ ಕಹಿ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಶಿರಾಲಿಯ ಮನೆಗಳಿಗೆ ಸೀಮೆಎಣ್ಣೆ ಬಂದಾಗಿತ್ತು. ಹೊನ್ನೆಣ್ಣೆ ಉಳಿದದ್ದು ನಮ್ಮ ಗದ್ದೆಯಾಚೆಗಿನ ಜಟಗನ ಕಟ್ಟೆಯಲ್ಲಿ ಮಾತ್ರ. ನನ್ನ ಅಜ್ಜಿ ಸಣ್ಣಮ್ಮ ಅಲ್ಲಿಗೆ ಹೋಗಿಬಂದ ದಿನ ಅವಳ ಸೆರಗಿಗೆ ಆ ವಾಸನೆ ಅಂಟಿರುತ್ತಿತ್ತು. ತಾಯಿಯಿಲ್ಲದ ನಾನು ಅವಳ ಮಗ್ಗುಲಲ್ಲೇ ಮಲಗುವವಳು. ಸೆರಗು ಮುಖಕ್ಕೆ ತಾಗಿದರೆ ಗೊತ್ತಾಗುತ್ತಿತ್ತು: ಇವತ್ತು ಊರಿನಲ್ಲಿ ಯಾರದೋ ಏನೋ ಕಳೆದಿದೆ, ಅಜ್ಜಿ ಅವರಿಂದ ಕಾಯಿ ಇಡಿಸಲು ಹೋಗಿದ್ದಳು.

ಕಾಯಿ ಇಡುವುದು ಎಂದರೆ ದೂರು ಕೊಡುವುದು. ಜಟಗ ನಮ್ಮ ಕಡೆಯ ಕಾವಲಿನ ದೈವ. ವಸ್ತು ಕಳೆದುಕೊಂಡವರು ಒಂದು ತೆಂಗಿನಕಾಯಿಯನ್ನು ಒಡೆಯದೆ ಅವನ ಕಲ್ಲಿನ ಮುಂದೆ ಇಟ್ಟು, ವಸ್ತು ಯಾರಲ್ಲಿದೆಯೋ ಅವರಿಗೆ ಏನಾಗಬೇಕು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ವಸ್ತು ಕಣ್ಣಿಗೆ ಬಿದ್ದ ಮೇಲೆ, ಇಟ್ಟವರೇ ಬಂದು ಕಾಯಿ ಎತ್ತಬೇಕು. ಎತ್ತಿದ ಮೇಲೆ ವಸ್ತುವನ್ನು ಮುಟ್ಟಬೇಕು. ಮೊದಲೇ ಮುಟ್ಟಿದರೆ, ಹೇಳಿದ ಮಾತು ಮುಟ್ಟಿದವರ ಹಿಂದೆಯೇ ಬರುತ್ತದೆ. ಸಾಮಾನ್ಯವಾಗಿ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಕಾಯಿ ಇಟ್ಟ ಸುದ್ದಿ ಹರಡಿದ ಮೂರನೇ ದಿನ ಕಳೆದ ಕತ್ತಿಯೋ ಕೊಡಪಾನವೋ ತಾನಾಗಿಯೇ ಬಂದು ಯಾರದೋ ಬಾವಿಕಟ್ಟೆಯ ಮೇಲೆ ಕೂತಿರುತ್ತಿತ್ತು. ಅದೆಲ್ಲ ಒಂದೇ ಊರಿನೊಳಗಿನ ಕಳವಿಗೆ ಆದ ಕ್ರಮ. ನಡುವೆ ಒಂದು ಹೊಳೆ ಬಂದರೆ ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಾರರ ಜೂನ್ ತಿಂಗಳು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಕುಮಟೆಯಲ್ಲಿ ಕಾಲೇಜು ಬಂದ ಹೊಸತು. ಅಪ್ಪನ ಹೆಸರು ಮಹಾಗಣಪತಿ, ಶಿರಾಲಿ ಪೇಟೆಯಲ್ಲಿ ಹುರಿಹಗ್ಗದ ಸಣ್ಣ ಅಂಗಡಿ. ‘ಓದೂವಷ್ಟು ಓದ್ಲಿ’ ಎಂದು ಅಪ್ಪ ಒಂದು ಸಲ ಹೇಳಿದ ಮೇಲೆ ಅಜ್ಜಿ ಕೂಡ ಎದುರು ಮಾತಾಡಲಿಲ್ಲ. ಹನ್ನೆರಡನೇ ತಾರೀಖು ನಾವಿಬ್ಬರೂ ಕುಮಟೆಗೆ ಹೋಗಿ ಅರ್ಜಿ ತುಂಬಿದೆವು, ಸಹಿ ಹಾಕಿದೆವು. ಕಾಲೇಜಿನ ಗುಮಾಸ್ತರು ಎಲ್ಲವನ್ನೂ ನೋಡಿ, “ಫೀ ಮಾಫಿಗೆ ಮನೆಯ ಉತ್ಪನ್ನ ಎಷ್ಟೆಂದು ಶಾನುಭಾಗರಿಂದ ದಾಖಲೆ ಬೇಕಲ್ಲ. ಅದನ್ನು ಸೇರಿಸಿ ತಂದುಕೊಡಿ. ಇಪ್ಪತ್ತನಾಲ್ಕು ಕೊನೆಯ ದಿನ. ಸಂಜೆ ಐದು ಗಂಟೆ,” ಎಂದರು. ತಮ್ಮ ಛತ್ರಿಯನ್ನು ನಮ್ಮ ಮೇಲೆ ಹಿಡಿದು ಬಸ್ಸಿನ ತನಕ ಬಿಟ್ಟುಹೋದರು. ಅವರ ಮುಖ ಮರೆತಿದೆ, ಛತ್ರಿಯ ಬಿದಿರಿನ ಹಿಡಿಕೆ ಮರೆತಿಲ್ಲ.

ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸು ಹೊನ್ನಾವರದ ತನಕ, ಅಲ್ಲಿಂದ ಎದುರಿನ ಕಾಸರಕೋಡಿನ ದಡಕ್ಕೆ ಲಾಂಚು, ಆಚೆ ಮತ್ತೊಂದು ಬಸ್ಸು. ಲಾಂಚಿನಲ್ಲಿ ಮಳೆಯ ಎರಚಲು ಹೊಡೆಯುತ್ತಿತ್ತು. ಕಾಗದ ನೆನೆಯಬಾರದೆಂದು ನಾನು ನನ್ನ ನೀಲಿ ಬಟ್ಟೆಯ ಕೈಚೀಲವನ್ನು ಕೂತ ಹಲಗೆಯ ಕೆಳಗೆ ತುರುಕಿದೆ. ದಡದಲ್ಲಿ ಭಟ್ಕಳದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಓಡಿದೆವು. ಮಂಕಿ ಊರು ದಾಟಿದ ಮೇಲೆ ನನ್ನ ಕೈ ಬರಿದಾಗಿರುವುದು ನನಗೆ ಗೊತ್ತಾಯಿತು.

ಚೀಲದಲ್ಲಿ ಅಂಕಪಟ್ಟಿ, ಶಾಲೆ ಬಿಟ್ಟ ದಾಖಲೆ, ಸಹಿ ಮಾಡಿದ ಅರ್ಜಿ, ಎಲ್ಲವೂ ಇದ್ದವು. ಮರುದಿನ ಅಪ್ಪ ಹೊನ್ನಾವರಕ್ಕೆ ಹೋಗಿ ಬರಿಗೈಯಲ್ಲಿ ಬಂದ. ಲಾಂಚಿನ ಟಿಕೇಟು ಕೊಡುವ ವೆಂಕ್ಟ್ರಮಣ ಹಲಗೆಗಳನ್ನೆಲ್ಲ ಎತ್ತಿ ತೋರಿಸಿದನಂತೆ. ಹೊಸ ಅಂಕಪಟ್ಟಿ ಬೆಂಗಳೂರಿನಿಂದ ಬರಬೇಕು, ಆರು ತಿಂಗಳಾದೀತು ಎಂದು ಹೆಡ್ ಮಾಸ್ತರು ಹೇಳಿದರು. ಆರು ತಿಂಗಳು ಮನೆಯಲ್ಲಿ ಕೂತ ಹುಡುಗಿ ಮತ್ತೆ ಓದಲು ಹೋದದ್ದನ್ನು ನಾನು ನೋಡಿರಲಿಲ್ಲ. ಆಚೆಮನೆಯ ಬಂಗಾರಿ ಆಗಲೇ ಅಜ್ಜಿಯ ಕಿವಿಯಲ್ಲಿ ಬೈಲೂರಿನ ಒಂದು ಸಂಬಂಧದ ಸುದ್ದಿ ಹಾಕಿದ್ದಳು.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಅಜ್ಜಿ ಒಂದು ಕಾಯಿ ಸುಲಿದು ನನ್ನ ಕೈಗೆ ಕೊಟ್ಟಳು.

“ಎಂತಕೆ ಅಜ್ಜಿ?”

“ನಿನ್ನ ಚೀಲ ಅಲ್ದನೆ? ನೀನೇ ಇಡಬೇಕು. ಬಾ.”

ಕಟ್ಟೆಯ ಮುಂದೆ ದೀಪ ಹೊಗೆಯಾಡುತ್ತಿತ್ತು. ಏನು ಹೇಳಬೇಕೆಂದು ಕೇಳಿದೆ.

“‘ಕದ್ದವರಿಗೆ’ ಅನ್ಬೇಡ,” ಎಂದಳು ಅಜ್ಜಿ. “ಕದ್ದಂವ ಮತ್ತೊಬ್ಬನ ಕೈಗೆ ದಾಟಿಸಿ ತಪ್ಪಿಸ್ಕಂತ. ‘ಯಾರ ಮನೇಲುಂಟೋ ಆ ಮನೆಗೆ’ ಅನ್ನು. ಆಗ ಎಲ್ಲಿ ಹೋದ್ರೂ ಹಿಡೀತದೆ.”

ನಾನು ಕಲ್ಲಿನ ಮುಂದೆ ಕಾಯಿ ಇಟ್ಟು ಹೇಳಿದೆ: ನನ್ನ ಚೀಲ ಯಾರ ಮನೆಯಲ್ಲಿದೆಯೋ ಆ ಮನೆಯಲ್ಲಿ ಅನ್ನ ಗಂಟಲಿನಿಂದ ಕೆಳಗೆ ಇಳಿಯದಿರಲಿ. ಮಾತು ನನ್ನದೇ, ಅಜ್ಜಿ ಹೇಳಿಕೊಟ್ಟದ್ದಲ್ಲ. ಹೇಳುವಾಗ ನನಗೆ ಹಿತವಾಗಿತ್ತು. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ.

ಅಜ್ಜಿ ಪೇಟೆಯಲ್ಲಿ, ಬಸ್ಸಿನ ಕಂಡಕ್ಟರನಲ್ಲಿ, ಮೀನಿನ ಹೆಂಗಸರಲ್ಲಿ, ಕಂಡಕಂಡವರಲ್ಲಿ ಕಾಯಿಯ ಸುದ್ದಿ ಹೇಳಿದಳು. ಸುದ್ದಿ ನಡೆಯಬೇಕು, ಇಲ್ಲದಿದ್ದರೆ ಕಾಯಿಗೆ ಕಾಲಿಲ್ಲ ಎಂದು ಅವಳ ಲೆಕ್ಕ.

ಹದಿನೆಂಟಕ್ಕೆ ಮೊದಲ ಕಾರ್ಡು ಬಂತು. ಗುಂಡಗಿನ ಅಕ್ಷರ, ಒಂದು ತಪ್ಪೂ ಇಲ್ಲ. ‘ಶ್ರೀಯುತ ಮಹಾಗಣಪತಿ ನಾಯ್ಕರಿಗೆ ಲಾಂಚಿನ ವೆಂಕ್ಟ್ರಮಣ ಮಾಡುವ ನಮಸ್ಕಾರ. ತಮ್ಮ ಮಗಳ ಚೀಲ ಕರ್ಕಿಯ ಶನಿಯಾರ ಗೌಡನ ಮನೆಯಲ್ಲಿದೆ. ಕಾಗದಗಳನ್ನು ನಾನೇ ಓದಿ ನೋಡಿದ್ದೇನೆ. ಆದರೆ ಇನಾಮು ಇಲ್ಲದೆ ಕೊಡುವಂತಿಲ್ಲ ಎಂದು ಹೇಳುತ್ತಾನೆ.’

ಅಪ್ಪನಿಗೆ ಜೀವ ಬಂದ ಹಾಗಾಯಿತು. “ಐದು ರೂಪಾಯಿ ಕೊಡುವಾ. ಪಾಪ, ಎತ್ತಿ ಇಟ್ಟಿದಾನಲ್ಲ,” ಎಂದು ಅವತ್ತೇ ಮಾರುತ್ತರ ಬರೆದ. ಚೀಲವನ್ನು ಲಾಂಚಿಗೆ ತಂದುಕೊಟ್ಟು ದುಡ್ಡು ಒಯ್ಯಲಿ ಎಂದು.

ಇಪ್ಪತ್ತೊಂದಕ್ಕೆ ಎರಡನೇ ಕಾರ್ಡು. ‘ದುಡ್ಡಿನ ಇನಾಮು ಬೇಡವಂತೆ. ಹುಡುಗಿಯೇ ಬರಬೇಕಂತೆ. ಏನು ಕೇಳುವುದು ಎಂಬುದನ್ನು ಅವಳ ಎದುರಿಗೇ ಹೇಳುತ್ತಾನಂತೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಧೈರ್ಯವಿಲ್ಲ. ತಪ್ಪು ತಿಳಿಯಬಾರದು.’

ಅಪ್ಪ ಕಾರ್ಡನ್ನು ಓದಿ, ತಿರುಗಿಸಿ, ವಿಳಾಸವನ್ನೂ ಓದಿದ. ಅಲ್ಲಿ ಇನ್ನೇನಾದರೂ ಬರೆದಿದೆಯೋ ಎಂಬಂತೆ.

“ದುಡ್ಡು ಬ್ಯಾಡ ಅಂದ್ರೆ ಎಂತದು ಅದು?” ಎಂದಳು ಅಜ್ಜಿ. “ದುಡ್ಡು ಬ್ಯಾಡ ಅಂಬವನನ್ನ ನಾ ಇಷ್ಟು ವರ್ಷದಲ್ಲಿ ಕಾಣ್ಲಿಲ್ಲ. ಬ್ಯಾಡ ಮಗಾ. ಆ ಹೊಳೆಗೆ ಸೇತುವೆ ಕಟ್ತ್ರಂತೆ ಅಂತ ಸುದ್ದಿ ಉಂಟು. ಕಂಬ ನಿಲ್ಲೂಕೆ ತಲೆ ಬೇಕಂತೆ. ತಾಯಿ ಇಲ್ದ ಮಕ್ಕಳನ್ನ ನೋಡಿ ನೋಡಿ ಕರೀತ್ರಂತೆ.”

“ಸುಮ್ನಿರೆ ಅಬ್ಬೆ,” ಎಂದ ಅಪ್ಪ. “ಸೇತುವೆ ಕಟ್ಟೂದು ಸಿಮೆಂಟಿನಲ್ಲಿ.”

“ಸಿಮೆಂಟು ಮೇಲೆ. ಅಡಿಗೆ ಎಂತ ಹಾಕ್ತ್ರು ಅಂತ ನೀ ಮುಳುಗಿ ನೋಡಿದ್ಯಾ?”

ಅಪ್ಪ ನಗಲು ನೋಡಿದ, ನಗು ಬರಲಿಲ್ಲ. ಪೊಲೀಸರಿಗೆ ಹೇಳಬಹುದಿತ್ತು. ಅವರು ಹೋಗುವಷ್ಟರಲ್ಲಿ ಆತ ಕಾಗದಗಳನ್ನು ಒಲೆಗೆ ಹಾಕಿದರೆ? ಅಪ್ಪ ಆ ದಿನ ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದವನು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿಬಂದ. ಶಾನುಭಾಗರು ಕೊಟ್ಟ ಉತ್ಪನ್ನದ ದಾಖಲೆ ಮಡಚಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ಬೆವರಿಗೆ ಅದರ ಮಡಿಕೆ ಮೆತ್ತಗಾಗುತ್ತಿತ್ತು.

ಇಪ್ಪತ್ತಮೂರಕ್ಕೆ ಮೂರನೆಯದು ಬಂತು. ನಮಸ್ಕಾರ ಇರಲಿಲ್ಲ, ಸಹಿಯೂ ಇರಲಿಲ್ಲ. ಶಾಯಿ ಮಳೆಗೆ ಹರಡಿತ್ತು. ‘ಬೇಗ ಬರುವುದು. ತಡವಾದರೆ ಬಂದರೂ ಪ್ರಯೋಜನವಿಲ್ಲ.’

“ನಾನು ಹೋಗ್ತೆ,” ಎಂದೆ. ಹೆದರಿಕೆ ಇರಲಿಲ್ಲ ಎಂದಲ್ಲ. ಬೈಲೂರಿನ ಹೆದರಿಕೆ ಅದಕ್ಕಿಂತ ಹತ್ತಿರದ್ದಾಗಿತ್ತು.

ಇಪ್ಪತ್ತನಾಲ್ಕರ ಬೆಳಿಗ್ಗೆ ಹೊರಡುವಾಗ ಅಜ್ಜಿ ನನ್ನ ಹಣೆಗೆ ಜಟಗನ ಬೂದಿ ಹಚ್ಚಿದಳು. “ಚೀಲ ಕಂಡ್ರೂ ಮುಟ್ಬೇಡ. ಕಣ್ಣಲ್ಲಿ ನೋಡು, ಬಾ, ಕಾಯಿ ಎತ್ತು, ಆಮೇಲೆ ಮುಟ್ಟು. ಕೇಳ್ತನೆ? ಮೊದ್ಲೇ ಮುಟ್ಟಿದ್ರೆ ನೀ ಆಡಿದ ಮಾತು ನಿನ್ನ ಗಂಟಲಿಗೇ ಬತ್ತದೆ.”

“ಇವತ್ತೇ ಕೊನೇ ದಿನ ಅಬ್ಬೆ,” ಎಂದ ಅಪ್ಪ. “ಹೋಗಿ ಬಂದು ಮತ್ತೆ ಹೋಗೂಕೆ ಹೊತ್ತೆಲ್ಲುಂಟು?”

ಅಜ್ಜಿ ಅವನ ಮುಖ ನೋಡಿದಳು. ಅದನ್ನು ಅವಳು ಯೋಚಿಸಿರಲಿಲ್ಲ. ಬಸ್ಸು ಬಂತು.

ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ಲಾಂಚು ನಿಂತಿತ್ತಂತೆ, ಅವತ್ತು ಬೆಳಿಗ್ಗೆ ಬಿಟ್ಟಿದ್ದರು. ಒಂದು ಇಡೀ ಬಾಳೆಗಿಡ, ಗೊನೆ ಸಮೇತ, ನಮ್ಮ ಪಕ್ಕದಲ್ಲೇ ತೇಲಿಕೊಂಡು ಸಮುದ್ರದ ಕಡೆ ಹೋಯಿತು. ಹೊನ್ನಾವರದ ದಡದಲ್ಲಿ ಇಳಿದಾಗ ವೆಂಕ್ಟ್ರಮಣ ತನ್ನ ಗೂಡಿನಿಂದ ಹೊರಗೆ ಬಂದ. ತೆಳ್ಳಗಿನ ಮನುಷ್ಯ, ಕಿವಿಯಲ್ಲಿ ಪೆನ್ಸಿಲು. ಅಪ್ಪ ಎರಡು ಟಿಕೇಟಿನ ದುಡ್ಡು ಕೊಟ್ಟರೆ ಒಂದರದ್ದು ಮಾತ್ರ ತೆಗೆದುಕೊಂಡ.

“ಕೂಸಿಂದು ಬ್ಯಾಡ,” ಎಂದ.

“ಎಂತಕೆ?”

“ಬ್ಯಾಡ ಬಿಡಿ ನಾಯ್ಕ್ರೆ.”

“ಆತ ಎಂತ ಕೇಳ್ತಾ, ಅದನ್ನಾದ್ರೂ ಹೇಳು ಮಾರಾಯ.”

ವೆಂಕ್ಟ್ರಮಣ ಹೊಳೆಯ ಕಡೆ ನೋಡಿದ. “ಅದು ಮೂರನೇ ಬಾಯಲ್ಲಿ ಬರೂ ಮಾತಲ್ಲ. ಚೀಲ ನನ್ನ ಗೂಡಿಗೇ ತಂದಿದ್ದ. ನಾನು ಒಳಗೆ ಇಟ್ಕಳ್ಲಿಲ್ಲ. ಕಾಗದ ಅವನ ಕೈಲೇ ಹಿಡಿಸಿ, ದೂರದಿಂದ ಓದಿದೆ. ಹೋಗಿ, ಅಲ್ಲೇ ಕೇಳಿ.” ನನ್ನನ್ನು ಮಾತ್ರ ಅವನು ಒಮ್ಮೆಯೂ ನೇರವಾಗಿ ನೋಡಲಿಲ್ಲ.

ಬಲಿಗೆ ಒಯ್ಯುವ ಆಡಿಗೂ ದಾರಿಯಲ್ಲಿ ಹಸಿ ಸೊಪ್ಪು ಕೊಡುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ತೆಗೆದುಕೊಳ್ಳದ ಆ ಟಿಕೇಟಿನ ದುಡ್ಡು ನನಗೆ ಅದನ್ನೇ ನೆನಪಿಸಿತು.

ಕುಮಟೆಯ ದಾರಿಯಲ್ಲಿರುವ ಕರ್ಕಿಯಲ್ಲಿ ಬಸ್ಸಿಳಿದು ಗದ್ದೆಯ ಅಂಚಿನ ಮೇಲೆ ನಡೆದೆವು. ದೂರದಲ್ಲಿ ಹಾಲಕ್ಕಿ ಒಕ್ಕಲಿನ ಹೆಂಗಸರು ಸಾಲಾಗಿ ಬಗ್ಗಿ ನಾಟಿಗೆ ಭತ್ತದ ಅಗೆ ಕೀಳುತ್ತಿದ್ದರು. ಒಬ್ಬಳು ಹಾಡು ಹೇಳಿದರೆ ಉಳಿದವರು ಎತ್ತಿಕೊಳ್ಳುತ್ತಿದ್ದರು. ಕೊರಳ ತುಂಬ ಮಣಿಸರ, ಮಳೆಗೆ ಹೊಳೆಯುತ್ತಿತ್ತು. ಅಪ್ಪ ಶನಿಯಾರ ಗೌಡನ ಮನೆ ಯಾವುದೆಂದು ಕೇಳಿದ. ಹಾಡು ನಿಂತಿತು. ಅಷ್ಟೂ ಜನ ಎದ್ದು ನಿಂತು ನನ್ನನ್ನು ನೋಡಿದರು. ಒಬ್ಬ ಮುದುಕಿ ಕೈಯಲ್ಲಿದ್ದ ಅಗೆಯ ಕಟ್ಟಿನಿಂದ ಒಂದು ಮನೆ ತೋರಿಸಿದಳು. ನಾವು ಆ ಮನೆ ಮುಟ್ಟುವವರೆಗೂ ಹಿಂದೆ ಹಾಡು ಮತ್ತೆ ಶುರುವಾಗಲಿಲ್ಲ.

ಸಗಣಿ ಸಾರಿಸಿದ ಅಂಗಳ, ಸೋಗೆಯ ಮಾಡು. ಮೂವತ್ತರ ಆಸುಪಾಸಿನ ಮನುಷ್ಯನೊಬ್ಬ ಕಂಬಕ್ಕೆ ಒರಗಿ ಕೂತಿದ್ದವನು ಎದ್ದ. ಕೂರಿ ಎನ್ನಲಿಲ್ಲ. ಎಷ್ಟೋ ದಿನಗಳಿಂದ ಮಲಗದವನ ಕಣ್ಣು.

“ಸುಮತಿ ಅಂದ್ರೆ ನೀನೇಯಾ ತಂಗಿ?”

“ಹೌದು.”

“ಕಾಯಿ ಇಟ್ಟವ್ಳೂ ನೀನೇಯಾ? ಮನೇಲಿ ಬೇರೆಯವ್ರಲ್ಲ?”

“ನಾನೇ,” ಎಂದೆ.

ಅಪ್ಪ ನಡುವೆ ಬಂದ. “ಕಾಯಿ ಪಾಯಿ ಎಲ್ಲ ಆಮೇಲೆ. ನಿಂಗೆ ಎಂತ ಇನಾಮು ಬೇಕು, ಅದನ್ನ ಹೇಳು.”

“ಅದೇ ಒಡ್ಯಾ,” ಎಂದ ಶನಿಯಾರ. “ಕಾಯಿ ಎತ್ಬೇಕು. ಅದೇ ನಂಗೆ ಇನಾಮು. ಬೇರೆ ಎಂತದೂ ಬ್ಯಾಡ.”

ಆಮೇಲೆ ಅವನು ನಮ್ಮನ್ನು ಜಗಲಿಯ ತುದಿಗೆ ಕರೆದ. ಚಾಪೆಯ ಮೇಲೆ ಐದು ವರ್ಷದ ಹೆಣ್ಣುಮಗು ಕೂತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳ ತಾಯಿ ಗಂಗೆ ಹಿಂದಿನಿಂದ ಎದೆಗೆ ಒರಗಿಸಿ ಹಿಡಿದಿದ್ದಳು. ಮಗುವಿನ ಬಾಯಿ ಅರ್ಧ ತೆರೆದಿತ್ತು, ಜೊಲ್ಲು ಸುರಿಯುತ್ತಿತ್ತು. ಕೊರಳಿನ ಒಂದು ಪಕ್ಕ ಉಬ್ಬಿ ಬಿಗಿದಿತ್ತು. ಪಕ್ಕದ ಬಟ್ಟಲಿನಲ್ಲಿ ಗಂಜಿ ಕೆ‌ನೆಗಟ್ಟಿತ್ತು.

“ದೇವಿ ಇದರ ಹೆಸರು,” ಎಂದ ಶನಿಯಾರ. “ಎಂಟು ದಿನ ಆತು. ಮೊದ್ಲು ಅನ್ನ ಇಳೀಲಿಲ್ಲ. ಆಮೇಲೆ ಗಂಜಿ. ನಿನ್ನೆಯಿಂದ ನೀರೂ ಇಳಿಯೂದಿಲ್ಲ.”

ಮಗು ಉಗುಳು ನುಂಗಲು ನೋಡಿತು. ಆ ಸಣ್ಣ ಮುಖ ಪೂರ್ತಿ ಹಿಂಡಿದ ಬಟ್ಟೆಯ ಹಾಗಾಯಿತು, ಕಣ್ಣಿನಿಂದ ನೀರು ಬಂತು, ಸ್ವರ ಬರಲಿಲ್ಲ. ಗಂಟಲಿನಿಂದ ಕೆಳಗೆ ಇಳಿಯದಿರಲಿ. ನನ್ನ ಮಾತು ಅಕ್ಷರ ಬಿಡದೆ ನನ್ನೆದುರು ಕೂತಿತ್ತು.

ಅವನು ಹೇಳಿದ್ದು ಇಷ್ಟು. ಕಾಸರಕೋಡಿನ ದಡದಲ್ಲಿ ಬದನೆಕಾಯಿ ಮಾರಿ ಮರಳುವಾಗ ಹಲಗೆಯಡಿ ಚೀಲ ಸಿಕ್ಕಿತು. ತೆರೆದರೆ ಕಾಗದ. ಲಾಂಚಿನಲ್ಲೇ ಬಿಟ್ಟರೆ ನೆನೆದು ಹೋಗುತ್ತದೆಂದು ಮನೆಗೆ ತಂದ. ಮುಂದಿನ ಸಲ ಹೊಳೆ ದಾಟುವ ದಿನ ವೆಂಕ್ಟ್ರಮಣನಿಂದ ಓದಿಸಿ, ಯಾರದೆಂದು ತಿಳಿದು, ಕೊಟ್ಟುಬಿಡುವುದೆಂದುಕೊಂಡ. ಅಷ್ಟರಲ್ಲಿ ಮಗುವಿಗೆ ಗಂಟಲು ನೋವು ಬಂತು. ಮರುದಿನ ಚೀಲ ಹಿಡಿದುಕೊಂಡು ಲಾಂಚಿಗೆ ಹೋದರೆ, ವೆಂಕ್ಟ್ರಮಣ ಹೆಸರು ಓದಿ ಎರಡು ಹೆಜ್ಜೆ ಹಿಂದೆ ಸರಿದ. ‘ಶಿರಾಲಿಯಲ್ಲಿ ಇದಕ್ಕೇ ಕಾಯಿ ಇಟ್ಟದ್ದು ಮಾರಾಯ, ಅನ್ನ ಇಳಿಯಬಾರದು ಅಂತ,’ ಎಂದ.

“ನೀನೇ ಶಿರಾಲಿಗೆ ಬರಬಹುದಿತ್ತಲ್ಲ,” ಎಂದ ಅಪ್ಪ.

“ಕಾಯಿ ಇಟ್ಟವ್ರ ಅಂಗಳಕ್ಕೆ ಕಾಲಿಟ್ರೆ ಕಳ್ಳ ನಾನೇ ಅಂತ ಒಪ್ಪಿದ ಹಾಂಗೆ ಒಡ್ಯಾ. ಕದ್ದಂವ ನಾನಲ್ಲ.”

“ಡಾಕ್ಟರಿಗೆ ತೋರಿಸ್ದ್ಯಾ?”

“ಕಾಯಿ ಕೂತಿರೂವಾಗ ಮದ್ದು ಹಿಡಿಯೂದಿಲ್ಲ. ಮೊದ್ಲು ಕಾಯಿ ಏಳ್ಬೇಕು.”

“ಹೋಗ್ಲಿ, ಚೀಲವನ್ನಾದ್ರೂ ಹೊರಗೆ ಇಡಬಹುದಿತ್ತು. ಮನೆಯೊಳಗೆ ಎಂತಕೆ ಇಟ್ಕಂಡ್ರಿ?”

ಆಗ ಗಂಗೆ ಮೊದಲ ಸಲ ಮಾತಾಡಿದಳು. ಮಗುವಿನ ತಲೆಯ ಮೇಲಿನಿಂದ, ಮೆಲ್ಲಗೆ. “ಹೊರಗೇ ಇಟ್ಟಿದ್ದೆ. ಹುಲ್ಲಿನ ಕುತ್ರೆ ಹತ್ರ, ಮಳೆಗೆ ಹೊದಿಯೂ ಗೊರಬಿನ ಅಡಿಗೆ. ಗಾಳಿಗೆ ಗೊರಬು ಹಾರಿ ಹೋತು. ಮಳೆ ಬಂತು.”

“ಅದಕ್ಕೆ?”

“ಕಾಗದ ಅಲ್ದಾ. ಒದ್ದೆ ಆದ್ರೆ ಈ ಕೂಸಿನ ಕೆಲಸ ಹಾಳಾತದೆ ಅಂತ ಮತ್ತೆ ಒಳಗೆ ತಂದೆ.”

“ಕಾಯಿ ವಿಷಯ ಗೊತ್ತಾದ ಮೇಲೆಯಾ?” ಎಂದು ನಾನು ಕೇಳಿದೆ.

ಅವಳು ಹೌದೆಂದು ತಲೆಯಾಡಿಸಿದಳು. ಒಳಗೆ ಒಲೆಯ ಮೇಲಿನ ಗಳಕ್ಕೆ ನನ್ನ ನೀಲಿ ಚೀಲ ತೂಗುತ್ತಿತ್ತು. ಬೆಚ್ಚಗಿರಲೆಂದು ಅಲ್ಲಿ ತೂಗುಹಾಕಿದ್ದರು.

ಅಪ್ಪ ದನಿ ತಗ್ಗಿಸಿದ. “ನೋಡು ಶನಿಯಾರ, ಇವತ್ತು ಐದು ಗಂಟೆಯೊಳಗೆ ಆ ಕಾಗದ ಕುಮಟೆಗೆ ಮುಟ್ಟಬೇಕು. ಈಗ ಕೊಡು. ಸಂಜೆ ಊರಿಗೆ ಹೋದ ಕೂಡಲೇ ಇವಳ ಕೈಯಿಂದಲೇ ಕಾಯಿ ಎತ್ತಿಸ್ತೆ. ದೇವರ ಆಣೆ.”

ಶನಿಯಾರ ಆಗದೆಂದು ತಲೆಯಾಡಿಸಿದ. ಸಿಟ್ಟಿನಿಂದಲ್ಲ. “ಎತ್ತದೆ ಕೊಟ್ರೆ ಇದು ನಿಮ್ಮ ಹಿಂದೆ ಬತ್ತದೆ ಒಡ್ಯಾ. ನಿಮ್ಮನೇಲೂ ಒಂದೇ ಕೂಸು ಅಂತ ಹೇಳ್ದ ವೆಂಕ್ಟ್ರಮಣ. ಅದಕ್ಕೇ ನಾನು ಯಾರ ಕೈಲೂ ಕೊಟ್ಟು ಕಳಿಸ್ಲಿಲ್ಲ. ಕೊಟ್ಟಿದ್ರೆ ನನ್ನ ಮನೆ ಅವತ್ತೇ ಚೊಕ್ಕ ಆಗ್ತಿತ್ತು.”

ನಾವು ಶಿರಾಲಿಗೆ ಹೋಗಿ ಕಾಯಿ ಎತ್ತಿ ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ ಕತ್ತಲೆ. ಕಾಲೇಜಿನ ಬಾಗಿಲು ಹಾಕಿರುತ್ತದೆ. ಮತ್ತು ಅದುವರೆಗೆ ಈ ಮಗು ಡಾಕ್ಟರ ಹತ್ತಿರ ಹೋಗುವುದಿಲ್ಲ. ಹೊಳೆ ಇನ್ನೂ ಏರಿ ಲಾಂಚು ನಿಂತರೆ ನಾಳೆಯೂ ಇಲ್ಲ. ಅಪ್ಪ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡ. ಮಗು ಮತ್ತೊಮ್ಮೆ ಉಗುಳು ನುಂಗಲು ನೋಡಿತು.

ಆಮೇಲೆ ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದೆ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಕಾರಣವಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದೆ. ಆ ದಿನ ಅದು ಗೊತ್ತಿರಲಿಲ್ಲ. ಆ ದಿನ ನಾನು ಪೂರ್ತಿ ನಂಬಿದ್ದೆ. ನಂಬಿಯೇ ಹೊಸ್ತಿಲು ದಾಟಿ ಒಳಗೆ ಹೋದೆ.

“ಸುಮತೀ,” ಎಂದ ಅಪ್ಪ ಹಿಂದಿನಿಂದ.

ಗಳದಿಂದ ಚೀಲ ತೆಗೆದೆ. ಒಲೆಯ ಬಿಸಿಗೆ ಅದು ಬೆಚ್ಚಗಿತ್ತು, ಮಲಗಿದ ಬೆಕ್ಕನ್ನು ಎತ್ತಿಕೊಂಡ ಹಾಗೆ. ಅಂಗಳಕ್ಕೆ ಬಂದು ನಿಂತೆ.

“ನಾನು ಹೇಳಿದ್ದು ಚೀಲ ಯಾರ ಮನೇಲುಂಟೋ ಅವರಿಗೆ,” ಎಂದೆ. “ಈಗ ಅದು ನಿಮ್ಮನೇಲಿ ಇಲ್ಲ. ನನ್ನ ಕೈಲುಂಟು. ಇನ್ನು ಮದ್ದು ಹಿಡೀತದೆ. ಕೂಸನ್ನ ಎತ್ಕಳಿ.”

ಶನಿಯಾರ ಎರಡೂ ಕೈ ಮುಂದೆ ಚಾಚಿದ, ಚೀಲ ಮರಳಿ ಇಸಿದುಕೊಳ್ಳುವವನ ಹಾಗೆ. “ಬ್ಯಾಡ ತಂಗಿ. ಹಾಂಗೆ ಮಾಡ್ಬೇಡ.”

“ಆಗಿ ಹೋತು.”

ಅಪ್ಪ ನನ್ನನ್ನು ಬೈಯಲಿಲ್ಲ. ಇಡೀ ಆಯುಷ್ಯದಲ್ಲಿ ಆ ದಿನದ ಬಗ್ಗೆ ಒಂದು ಮಾತೂ ಬೈಯಲಿಲ್ಲ. ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ. ಅವನು ಬಟ್ಟೆಗೆ ಕೈ ತಾಗದಂತೆ ಎರಡು ಬೆರಳಿನಿಂದ ಕಾಗದಗಳನ್ನು ಎಳೆದು ತೆಗೆದ. ಎಲ್ಲವೂ ಒಣಗಿದ್ದವು.

“ನಡಿ, ಕುಮಟೆ ಬಸ್ಸಿಗೆ,” ಎಂದ.

ಆಗ ಗಂಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಿದ್ದಳು. “ನೀ ನನ್ನ ಸಂಗಡ ಬತ್ಯಾ?” ಎಂದು ಕೇಳಿದಳು. “ಡಾಕ್ಟ್ರ ಹತ್ರ ಮಾತಾಡೂಕೆ ನಂಗೆ ಬತ್ತಿಲ್ಲ.”

ಅಪ್ಪ ಒಬ್ಬನೇ ಕುಮಟೆಗೆ ಹೋದ. ಕಾಗದ ಅವನ ಜೊತೆ, ಚೀಲ ನನ್ನ ಜೊತೆ. ನಾನು ಶನಿಯಾರ, ಗಂಗೆಯರ ಸಂಗಡ ಹೊನ್ನಾವರಕ್ಕೆ ಹೊರಟೆ. ಹೊರಡುವ ಮುಂಚೆ ಗಂಗೆಯ ನಾದಿನಿ ಓಡಿಬಂದು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಅವಳ ಸೊಂಟಕ್ಕೆ ಸಿಕ್ಕಿಸಿದಳು. ಗದ್ದೆಯ ಹೆಂಗಸರು ನಾವು ಹಾದುಹೋಗುವಾಗ ಅಂಚಿನಿಂದ ಕೆಳಗಿಳಿದು ದಾರಿ ಬಿಟ್ಟರು. ಅವರು ಈಗ ನೋಡುತ್ತಿದ್ದದ್ದು ಮಗುವನ್ನಲ್ಲ, ನನ್ನ ಕೈಯನ್ನು.

ಹೊನ್ನಾವರದ ಡಾಕ್ಟರು ವಯಸ್ಸಾದವರು. ಟಾರ್ಚು ಹಿಡಿದು ಮಗುವಿನ ಬಾಯೊಳಗೆ ನೋಡಿ, ಮತ್ತೊಮ್ಮೆ ನೋಡಿ, ಕಂಪೌಂಡರನಿಗೆ ಏನೋ ಕೊಂಕಣಿಯಲ್ಲಿ ಹೇಳಿದರು. “ಗಂಟಲೊಳಗೆ ಕೀವು ಕಟ್ಟಿದೆ. ಈಗಲೇ ಕೊಯ್ದು ತೆಗೆಯಬೇಕು. ಇನ್ನೊಂದು ದಿನ ಬಿಟ್ಟಿದ್ದರೆ ಉಸಿರೇ ನಿಲ್ಲುತ್ತಿತ್ತು. ಎಷ್ಟು ದಿನ ಆಯಿತು?”

“ಎಂಟು,” ಎಂದೆ ನಾನು.

“ಎಂಟು ದಿನ ಏನು ಮಾಡುತ್ತಿದ್ದಿರಿ? ಯಾಕೆ ತರಲಿಲ್ಲ?”

ನಾನು ಚೀಲವನ್ನು ನೋಡಿದೆ. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ಹತ್ತಿರ ಮಾತಾಡಲು ಬಾರದು ಎಂದಿದ್ದ ಗಂಗೆಯೇ ಹೇಳಿದಳು: “ಮಳೆ ಹೆಚ್ಚಾಗಿತ್ತು ಸಾಯ್ಬ್ರೆ.”

ಅವಳನ್ನೂ ನನ್ನನ್ನೂ ಹೊರಗೆ ಕಳಿಸಿದರು. ಶನಿಯಾರ ಮಗುವನ್ನು ಹಿಡಿದುಕೊಳ್ಳಲು ಒಳಗೆ ಉಳಿದ. ಬಾಗಿಲ ಹಿಂದಿನಿಂದ ಒಂದೇ ಒಂದು ಕೂಗು ಕೇಳಿಸಿತು. ಎಂಟು ದಿನಗಳಲ್ಲಿ ಮಗುವಿನ ಬಾಯಿಂದ ಬಂದ ಮೊದಲ ದೊಡ್ಡ ಸ್ವರ ಅದು ಎಂದು ಆಮೇಲೆ ಗೊತ್ತಾಯಿತು. ಗಂಗೆ ಕೊರಳ ಮಣಿಸರವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಬಾಗಿಲು ತೆರೆಯುವ ತನಕ ಆ ಮಣಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.

ಮಧ್ಯಾಹ್ನವೆಲ್ಲ ನಾನು ದವಾಖಾನೆಯ ಜಗಲಿಯ ಬೆಂಚಿನ ಮೇಲೆ ಕೂತಿದ್ದೆ. ಕಂಪೌಂಡರ ನನ್ನ ಮುಖ ನೋಡಿ ಲೋಟದಲ್ಲಿ ನೀರು ತಂದುಕೊಟ್ಟ. ಬಾಯಿಗೆ ಹಾಕಿಕೊಂಡೆ. ನೀರು ನಾಲಿಗೆಯ ಬುಡದ ತನಕ ಹೋಗಿ ಅಲ್ಲೇ ನಿಂತಿತು. ಇನ್ನೊಮ್ಮೆ ನೋಡಿದೆ, ನಿಂತಿತು. ಅವನಿಗೆ ಗೊತ್ತಾಗದಂತೆ ಜಗಲಿಯ ಆಚೆ ಉಗುಳಿದೆ. ಗಂಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು ಎಂದು ನನಗೆ ತಿಳಿದಿರಲಿಲ್ಲ.

ಆರೂವರೆಯ ಬಸ್ಸಿಗೆ ಅಪ್ಪ ಬಂದ. ಅಂಗಿ ಪೂರ್ತಿ ಒದ್ದೆ. ಬಾಗಿಲು ಹಾಕುತ್ತಿದ್ದ ಗುಮಾಸ್ತರು ಅವನನ್ನು ಕಂಡು ಮತ್ತೆ ಬೀಗ ತೆಗೆದರಂತೆ. ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದ: “ಆತು.” ಆ ಒಂದು ಮಾತಿಗಾಗಿ ಹನ್ನೆರಡು ದಿನ ಕಾದಿದ್ದೆ. ಅದು ಬೇರೆ ಯಾರನ್ನೋ ಹೆಸರು ಹಿಡಿದು ಕರೆದ ಹಾಗೆ ಕೇಳಿಸಿತು. ಅಪ್ಪ ನನ್ನ ತೊಡೆಯ ಮೇಲಿನ ಚೀಲವನ್ನು ನೋಡಿದ. “ಏಳಕ್ಕೆ ಕೊನೇ ಲಾಂಚು. ನಾ ಹೋಗಿ ನಿಲ್ಲಿಸಿರ್ತೆ, ನೀ ಹಿಂದಿಂದ ಬಾ. ಊರು ಮುಟ್ಟಿದ ಕೂಡ್ಲೇ ಕಟ್ಟೆಗೆ ಹೋಗೂದು,” ಎಂದು ಮಳೆಯಲ್ಲೇ ಇಳಿದುಹೋದ.

ಗಂಗೆ ಬಂದು ನನ್ನ ಪಕ್ಕ ಕೂತಳು. “ಗಂಜಿತಿಳಿ ಎರಡು ಚಮಚ ಇಳೀತು,” ಎಂದಳು. ಅವಳ ದನಿ ಬೇರೆಯಾಗಿತ್ತು. ಹೊಳೆಯ ಆಚೆ, ಹತ್ತಾರು ಮೈಲಿ ದೂರದಲ್ಲಿ, ಹೊನ್ನೆಣ್ಣೆಯ ಹೊಗೆಯ ನಡುವೆ ನಾನಿಟ್ಟ ಕಾಯಿ ಇನ್ನೂ ಹಾಗೆಯೇ ಕೂತಿತ್ತು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವಳು ಸೊಂಟದ ಗಂಟು ಬಿಚ್ಚಿದಳು. ಬಾಡಿಸಿದ ಬಾಳೆಲೆಯೊಳಗೆ ಬೆಳಗಿನ ಕೆಂಪು ಕುಚ್ಚಲಕ್ಕಿ ಅನ್ನ, ಬದಿಗೆ ಒಂದು ಉಪ್ಪಿನ ಮಾವಿನ ಮಿಡಿ. ಎಲೆಯನ್ನು ನಡುವೆ ಸೀಳಿ ಎರಡು ಪಾಲು ಮಾಡಿದಳು, ಮಿಡಿಯನ್ನು ದೊಡ್ಡ ಪಾಲಿನ ಕಡೆಗೆ ಸರಿಸಿದಳು. ಆಮೇಲೆ ಕೈ ಚಾಚಿ, ನಾನು ಬೆಳಿಗ್ಗೆಯಿಂದ ಕೆಳಗಿಡದೆ ಹಿಡಿದಿದ್ದ ನೀಲಿ ಚೀಲವನ್ನು ನನ್ನ ತೊಡೆಯ ಮೇಲಿನಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ನೀ ಉಂಡು ಮುಗಿಸೂ ತನಕ ಇದು ನನ್ನ ಹತ್ರ ಇರ್ಲಿ,” ಎಂದಳು. ಒಂದು ಕೈಯನ್ನು ಅದರ ಮೇಲೆ ಊರಿ, ಇನ್ನೊಂದು ಕೈಯಿಂದ ದೊಡ್ಡ ಪಾಲಿನ ಎಲೆಯನ್ನು ನನ್ನ ಬರಿದಾದ ಕೈಗಳಿಗೆ ಕೊಟ್ಟಳು.